ಕೆಟ್ಟುಹೋದ ಫ್ರಿಜ್ಜಿನ ಬಿಸಿ

ಸ್ವಿಚ್ ಹಾಕಿದ್ದು ನನಗೆ ನೆನಪಿದೆ. ಅದು ಟಕ್ ಎಂದದ್ದೂ ನೆನಪಿದೆ. ಆದರೆ ಗೆಳತಿಯ ಮನೆಯಲ್ಲಿ ಓದಲು ಹೋಗಿದ್ದ ಮಗಳು ಬೆಳಿಗ್ಗೆ ಬಂದು ತನ್ನ ಕೋಣೆಯ ಬಾಗಿಲು ತೆಗೆದಾಗ ಹೀಟರಿನ ಸ್ವಿಚ್ ಆಫ್ ಆಗಿತ್ತು. ಗಾಜಿನ ತೊಟ್ಟಿ ತಣ್ಣಗಿತ್ತು. ಒಳಗಿದ್ದ ಪ್ರಾಣಿ ಇದ್ದಿಲಿನ ಬಣ್ಣಕ್ಕೆ ತಿರುಗಿ ಕಣ್ಣು ಮುಚ್ಚಿಕೊಂಡಿತ್ತು.

"ಪಪ್ಪಾ, ಹೀಟರ್ ಆನ್ ಕಿಯಾ ಥಾ ನಾ?"

"ಮಾಡಿದ್ದೆ. ಖಂಡಿತ ಮಾಡಿದ್ದೆ."

ಅವಳು ಸ್ವಿಚ್ಚಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಮತ್ತೆ ತಾನೇ ಸ್ವಿಚ್ ಹಾಕಿದಳು. ಬೈದಿದ್ದರೆ ವಾದ ಮಾಡಬಹುದಿತ್ತು.

ಅದು ಬಿಯರ್ಡೆಡ್ ಡ್ರ್ಯಾಗನ್. ಆಸ್ಟ್ರೇಲಿಯಾದ ಒಣಭೂಮಿಯ ಮೂಲದ, ಹೆಚ್ಚುಕಡಿಮೆ ಮೊಳದುದ್ದದ, ಗಲ್ಲದ ಕೆಳಗೆ ಮುಳ್ಳಿನ ಗಡ್ಡವಿರುವ ಹಲ್ಲಿ ಜಾತಿ. ಸಾಕಿದವರ ಮನೆಯಲ್ಲೇ ಹುಟ್ಟಿದ ಮರಿಯನ್ನು ಮಗಳು ತಂದಿದ್ದಳು. ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಮರಾಠಿ ನೆರೆಯವರಿಗೆ ಅದು ಸರಡಾ. ವಿಜಯಪುರದ ಕಡೆಯವಳಾದ ನನ್ನ ಹೆಂಡತಿಗೆ ಓತಿಕ್ಯಾತ. ವಾಚ್‌ಮನ್ನನಿಗೆ ಮೊಸಳೆಮರಿ. ಬಿಸಿ ಇದ್ದಾಗ ಅದರ ಮೈ ಗೋಧಿ ಹಿಟ್ಟಿನ ಬಣ್ಣ, ತಣ್ಣಗಾದರೆ ಕಪ್ಪು. ಥರ್ಮಾಮೀಟರ್ ಇಲ್ಲದೆಯೂ ಅದರ ಸುಖದುಃಖ ಗೊತ್ತಾಗುತ್ತಿತ್ತು.

ಆ ಬೆಳಗಿನಿಂದ ನಾಲ್ಕನೆಯ ದಿನಕ್ಕೆ ಅದು ಬಾಯಿ ತೆರೆದು ಉಸಿರಾಡತೊಡಗಿತು. ಹತ್ತಿರದ ಠಾಣೆ ಪಟ್ಟಣದಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರು ಒಬ್ಬರಿದ್ದಾರೆ. ಅವರು ಎದೆಗೆ ಕಿವಿಯಿಟ್ಟಂತೆ ಬಗ್ಗಿ ಕೇಳಿ, ಶ್ವಾಸಕೋಶದ ಸೋಂಕು ಎಂದರು. ಹತ್ತು ದಿನ ಔಷಧಿಯ ಹನಿ ಬರೆದುಕೊಟ್ಟರು. "ಔಷಧಿ ಕೆಲಸ ಮಾಡಬೇಕಾದರೆ ಮೈ ಬಿಸಿಯಿರಬೇಕು. ಇಪ್ಪತ್ತೆಂಟು ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಇನ್ನೊಮ್ಮೆ ತಣ್ಣಗಾದರೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ," ಎಂದು ಹಿಂದಿಯಲ್ಲಿ ಹೇಳಿದರು.

ಅದೇ ವಾರ ಮಗಳಿಗೆ ಕಾಲೇಜಿನ ಕ್ಯಾಂಪ್ ಇತ್ತು, ಅಂಬರನಾಥದ ಆಚೆಯ ಒಂದು ಹಳ್ಳಿಯಲ್ಲಿ ಏಳು ದಿನ. ಹೋಗುವುದಿಲ್ಲ ಎಂದು ಕುಳಿತಳು. ಹೋಗು, ನಾನಿದ್ದೇನೆ ಎಂದೆ. ಅವಳು ಒಂದು ಹಾಳೆಯಲ್ಲಿ ಗೆರೆ ಎಳೆದು ಚಾರ್ಟ್ ಮಾಡಿ ನನ್ನ ಕೈಗೆ ಕೊಟ್ಟಳು. ಎಷ್ಟು ಹೊತ್ತಿಗೆ ಔಷಧಿ, ಎಷ್ಟು ಹೊತ್ತಿಗೆ ಮೆಂತ್ಯ ಸೊಪ್ಪು, ರಾತ್ರಿ ಎಷ್ಟಕ್ಕೆ ಹೀಟರ್, ಎಲ್ಲ ಅದರಲ್ಲಿತ್ತು. ಹೀಟರಿನ ಕಾಲಂ ಮುಂದೆ ನಾನು ಸಹಿ ಮಾಡಬೇಕು. ನಾನು ಕೆಲಸ ಮಾಡುವುದು ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಅಳತೆಯನ್ನು ನೋಡಿದ ಕೂಡಲೇ ಬರೆಯಬೇಕು, ಚಹಾ ಕುಡಿದು ಬಂದು ನೆನಪಿನಿಂದ ಬರೆದರೆ ಅದು ಅಂಕಿಯೇ ಅಲ್ಲ ಎಂದು ಹೊಸಬರಿಗೆ ವರ್ಷವಿಡೀ ಹೇಳುವವನು ನಾನು. ಆ ಕಾಲಂ ನೋಡಿ ಅವಮಾನವೂ ಆಯಿತು, ನನ್ನ ಮಗಳೇ ಸರಿ ಎಂಬ ಸಂತೋಷವೂ ಆಯಿತು.

ಕರೆಂಟು ಹೋದದ್ದು ಅವಳು ಹೋದ ಮೂರನೆಯ ದಿನ, ಶನಿವಾರ, ಮಧ್ಯಾಹ್ನ ಮೂರೂವರೆಗೆ. ಈ ಸಮಯವನ್ನು ನಾನು ಬರೆದಿಟ್ಟಿದ್ದೇನೆ. ನಮ್ಮ ಬೀದಿಯಲ್ಲಿ ಚರಂಡಿಗೆಂದು ಅಗೆಯುತ್ತಿದ್ದ ಯಂತ್ರ ನೆಲದಡಿಯ ಕೇಬಲನ್ನು ಕಡಿದುಹಾಕಿತ್ತು. ಕೆಳಗೆ ಹೋಗಿ ಕೇಳಿದರೆ ವಾಚ್‌ಮನ್, "ಕಲ್ ದೋಪಹರ್ ತಕ್ ಭೂಲ್ ಜಾವೋ, ಸಾಬ್," ಎಂದ. ನಾಳೆ ಮಧ್ಯಾಹ್ನದವರೆಗೆ ಕರೆಂಟಿನ ಆಸೆ ಬಿಡಬೇಕಿತ್ತು.

ಡೊಂಬಿವಲಿಯ ಚಳಿ ಏನು ಮಹಾ ಎನ್ನಬಹುದು. ಮನುಷ್ಯರಿಗೆ ಅದೊಂದು ಸ್ವೆಟರಿನ ನೆಪ. ಆದರೆ ಆ ವಾರ ಮುಂಜಾನೆ ಹದಿನಾಲ್ಕು ಡಿಗ್ರಿಗೆ ಇಳಿಯುತ್ತಿತ್ತು, ತೊಟ್ಟಿಯ ಮೇಲ್ಭಾಗ ಬರೀ ತಂತಿಬಲೆ. ನಾಲ್ಕೂವರೆಗೆ ಒಳಗೆ ಇಪ್ಪತ್ತೇಳು ಇತ್ತು. ಪಕ್ಕದ ಮನೆಯವರ ಇನ್ವರ್ಟರ್ ಟ್ಯೂಬ್‌ಲೈಟಿಗೂ ಫ್ಯಾನಿಗೂ ಸಾಕು, ಹೀಟರ್ ಹಾಕಿದರೆ ಕೂಗುತ್ತಿತ್ತು. ಹೆಂಡತಿಯ ಅಣ್ಣ ನವಿ ಮುಂಬಯಿಯಲ್ಲಿದ್ದಾನೆ. "ತಗೊಂಡ್ ಬರ್ರಿ, ನಮ್ಮಲ್ಲಿ ಕರೆಂಟ್ ಅದ," ಎಂದ. ಡಾಕ್ಟರಿಗೆ ಫೋನ್ ಮಾಡಿದೆ. ಈ ಸ್ಥಿತಿಯಲ್ಲಿ ಒಂದೂವರೆ ಗಂಟೆ ಗಾಳಿಯಲ್ಲಿ ಒಯ್ಯಬೇಡಿ ಎಂದರು. ಬಿಸಿನೀರಿನ ಚೀಲವನ್ನು ಮೈಗೆ ತಾಗಿಸಲೂಬೇಡಿ, ಸುಡುತ್ತಿದ್ದರೂ ಅದು ಸರಿಯುವುದಿಲ್ಲ ಎಂದರು.

ಮುಂದಿನ ಒಂದೂವರೆ ಗಂಟೆ ನಮ್ಮ ಮನೆಯಲ್ಲಿ ನಡೆದದ್ದರ ಬಗ್ಗೆ ಎರಡು ಹೇಳಿಕೆಗಳಿವೆ. ನನ್ನ ನೆನಪಿನ ಪ್ರಕಾರ ಹೆಂಡತಿ ಅಟ್ಟದಿಂದ ಕೌದಿ ತೆಗೆದು ಪ್ರಾಣಿಗೆ ಹೊದಿಸಿದಳು. ನಾನು, ಹೊದಿಕೆ ಬಿಸಿ ಕೊಡುವುದಿಲ್ಲ, ಇದ್ದ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ, ಇದರ ಮೈಯಲ್ಲಿ ತನ್ನದೇ ಬಿಸಿ ಇಲ್ಲ, ಕೌದಿ ಹೊದಿಸಿದರೆ ಕಲ್ಲಿಗೆ ಹೊದಿಸಿದ ಹಾಗೆ ಎಂದು ವಿವರಿಸಿದೆ. ಅವಳ ಪ್ರಕಾರ ಕೌದಿ ಹೊದಿಸಿದವನು ನಾನು, ನಗಾಡಿದವಳು ಅವಳು, ಹತ್ತು ನಿಮಿಷದ ಮೇಲೆ ಅದನ್ನು ತೆಗೆದು ಆ ಪಾಠ ಹೇಳಿದವನೂ ನಾನೇ. ಯಾರು ಸರಿ ಎಂದು ನಾನು ಹೇಳಲಾರೆ. ಕೌದಿಯ ಮೇಲೆ ಮೆಂತ್ಯ ಸೊಪ್ಪಿನ ಕಲೆ ಇದೆ ಎಂಬುದು ಮಾತ್ರ ನಿಜ.

ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದೆ. ರಟ್ಟಿನ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ಎರಡೂ ಮೂಲೆಯಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ನಡುವೆ ಪ್ರಾಣಿಯನ್ನು ಮಲಗಿಸಿ ಮುಚ್ಚಿದೆವು. ನಾನು ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದೆ. ಥರ್ಮಾಮೀಟರಿಗೆ ಉದ್ದನೆಯ ವೈರ್ ಇತ್ತು, ಹೊರಗಿನಿಂದಲೇ ಓದಬಹುದಿತ್ತು, ಆದರೂ ನಂಬಿಕೆ ಬರುತ್ತಿರಲಿಲ್ಲ. ತೆಗೆದಾಗೊಮ್ಮೆ ಎರಡು ಡಿಗ್ರಿ ಇಳಿಯುತ್ತಿತ್ತು. ಮತ್ತೆ ನೀರು ಕಾಯಿಸಿದರೆ ಒಮ್ಮೆಲೇ ಮೂವತ್ತಾರಕ್ಕೆ ಏರುತ್ತಿತ್ತು. ಆರು ಗಂಟೆಗೆ ಇಪ್ಪತ್ನಾಲ್ಕು. ಅದರ ಗಡ್ಡ ಕಪ್ಪಾಗಿತ್ತು, ಉಸಿರಿನೊಂದಿಗೆ ಸಣ್ಣಗೆ ಚಟಚಟ ಸದ್ದು ಬರುತ್ತಿತ್ತು.

"ಏನ್ರೀ, ಅದು ಚಳೀಗೆ ಸಾಯಾಂಗಿಲ್ಲ. ನೀವ್ ನೋಡಿ ನೋಡೇ ಕೊಲ್ತೀರಿ," ಎಂದಳು ಹೆಂಡತಿ.

"ಹಾಗಾದರೆ ಏನು ಮಾಡೋಣ?"

"ಹೋಟೆಲಿನ ಅಣ್ಣಾರಿಗೆ ಕೇಳ್ರಿ. ಈ ಚಳ್ಯಾಗ ದಿನಾ ಹಿಟ್ಟು ಉಬ್ಬಿಸ್ತಾರಲ್ಲ, ಅವ್ರೇನ್ ಮಂತ್ರ ಹಾಕ್ತಾರೇನು?"

ಈ ಮಾತು ಅವಳು ಹೇಳಿದ್ದು. ಬಹಳ ದಿನ ನಾನು ಇದನ್ನು ನನ್ನ ಆಲೋಚನೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ನಮ್ಮ ಬೀದಿಯ ಎದುರು ಮಗ್ಗುಲಲ್ಲಿ ಉಡುಪಿ ಕಡೆಯವರ ಸಣ್ಣ ಹೋಟೆಲೊಂದಿದೆ. ನನ್ನ ತಂದೆತಾಯಿ ಅದೇ ಕಡೆಯಿಂದ ಬಂದವರು, ಹಾಗಾಗಿ ಅಲ್ಲಿ ನನಗೆ ಸ್ವಲ್ಪ ಸಲಿಗೆ. ಅಲ್ಲಿ ಹಿಟ್ಟು ರುಬ್ಬುವುದರಿಂದ ಇಡ್ಲಿ ಬೇಯಿಸುವವರೆಗೆ ಎಲ್ಲ ಒಬ್ಬರದೇ ಕೈ. ಐವತ್ತರ ಆಚೆಯ ಗಟ್ಟಿ ಆಳು, ಮಾಲಕರಿಂದ ಗಿರಾಕಿಗಳವರೆಗೆ ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು. ನಾನು ಪೆಟ್ಟಿಗೆಗೆ ಶಾಲು ಸುತ್ತಿ ಎದೆಗೆ ಅಪ್ಪಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಹೋದೆ. ಮೇಣದಬತ್ತಿ ಉರಿಯುತ್ತಿತ್ತು, ಗ್ಯಾಸಿನ ದೊಡ್ಡ ಒಲೆಯೂ ಉರಿಯುತ್ತಿತ್ತು.

"ಎಂತ ಸಾರ್, ಕರೆಂಟಿಲ್ಲಾಂತ ಮನೆ ಖಾಲಿ ಮಾಡಿದ್ರಾ?" ಎನ್ನುತ್ತ ಅಣ್ಣ ಪೆಟ್ಟಿಗೆಯೊಳಗೆ ಇಣುಕಿದರು. "ಅಯ್ಯೋ, ಇದು ಓಂತಿ ಅಲ್ವಾ ಮಾರಾಯ್ರೆ! ನಮ್ಮೂರಲ್ಲಿ ಬೇಲಿ ತುಂಬ ಉಂಟು. ಒಂದಕ್ಕೂ ಯಾರೂ ಔಷಧಿ ಕುಡಿಸಿದ್ದು ನಾ ಕಂಡಿಲ್ಲ."

"ಮಗಳದ್ದು ಅಣ್ಣ. ಜೀವಕ್ಕೆ ಬಂದಿದೆ. ಮೈ ತಣ್ಣಗಾದರೆ ಉಳಿಯುವುದಿಲ್ಲ."

ಅವರ ನಗು ನಿಂತಿತು. "ಎಷ್ಟು ಬಿಸಿ ಬೇಕು?"

"ಇಪ್ಪತ್ತೆಂಟರಿಂದ ಮೂವತ್ತೆರಡು ಡಿಗ್ರಿ."

"ಡಿಗ್ರಿ ಎಲ್ಲ ನೀವು ಓದಿದವರಿಗೆ. ಹಿಟ್ಟು ಉಬ್ಬುವಷ್ಟಾ ಹೇಳಿ."

ಅವರು ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲಿ ಅಕ್ಕಿ, ರವೆಯ ಮೂಟೆಗಳ ಪಕ್ಕ ಒಂದು ಹಳೆಯ ಫ್ರಿಜ್ ನಿಂತಿತ್ತು. ಮೋಟಾರು ಹೋಗಿ ವರ್ಷಗಳಾಗಿದ್ದವು, ಪ್ಲಗ್ ಕೂಡ ಕತ್ತರಿಸಿಹೋಗಿತ್ತು. ಬಾಗಿಲು ತೆಗೆದರೆ ಒಳಗಿನಿಂದ ಹುಳಿವಾಸನೆಯ ಬೆಚ್ಚನೆ ಹವೆ ಮುಖಕ್ಕೆ ಬಡಿಯಿತು. ತಳದಲ್ಲಿ ಮುಚ್ಚಿದ ಬಿಸಿನೀರಿನ ಪಾತ್ರೆ, ಮೇಲಿನ ಜಾಲರಿಗಳಲ್ಲಿ ನಾಳೆಯ ಇಡ್ಲಿ ಹಿಟ್ಟಿನ ನಾಲ್ಕು ಡಬರಿ. ಕರೆಂಟು ಹೋಗುವ ಮೊದಲೇ ರುಬ್ಬಿ ಮುಗಿದಿತ್ತು. ಚಳಿಗಾಲದಲ್ಲಿ ಅವರು ಹಿಟ್ಟು ಇಡುವುದೇ ಇಲ್ಲಿ. ಎರಡು ಗಂಟೆಗೊಮ್ಮೆ ಎದ್ದು ನೀರು ಬದಲಿಸುತ್ತಾರೆ. ಬಾಗಿಲಿಗೆ ಒಂದು ಬಟ್ಟೆಯ ಸುರುಳಿ ಸಿಕ್ಕಿಸಿ ಎರಡು ಬೆರಳಿನಷ್ಟು ಸಂದು ಬಿಡುತ್ತಾರೆ. ಹಿಟ್ಟಿಗೂ ಉಸಿರು ಬೇಕಲ್ಲ ಎನ್ನುವುದು ಅವರ ವಿವರಣೆ.

ನಾನು ಥರ್ಮಾಮೀಟರಿನ ವೈರನ್ನು ಒಳಗೆ ತೂಗಿಬಿಟ್ಟೆ. ಮೂವತ್ತು ತೋರಿಸಿತು. ಸ್ವಲ್ಪ ಕಾದೆ. ಮೂವತ್ತೇ. ಲ್ಯಾಬಿನಲ್ಲಿ ನಾವು ದೊಡ್ಡ ಯಂತ್ರದಿಂದ ಮಾಡಿಸುವ ಕೆಲಸವನ್ನು ಈ ಮನುಷ್ಯ ಕೆಟ್ಟ ಫ್ರಿಜ್ಜಿನಿಂದ ಮಾಡಿಸುತ್ತಿದ್ದರು. ಚಳಿಯನ್ನು ಒಳಗಿಡಲು ಕಟ್ಟಿದ ಗೋಡೆ ಬಿಸಿಯನ್ನೂ ಒಳಗಿಡುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ, ಆದರೆ ಆ ಸಂಜೆ ಅದು ನನಗೆ ಹೊಳೆದಿರಲಿಲ್ಲ.

"ಒಂದು ಮೂಲೆಯಲ್ಲಿ ಇಟ್ಟುಕೊಳ್ಳಲಾ?" ಎಂದೆ.

"ಹಿಟ್ಟಿನ ಒಟ್ಟಿಗಾ? ಸಾಧ್ಯ ಇಲ್ಲ ಮಾರಾಯ್ರೆ. ತಿನ್ನುವ ವಸ್ತು."

ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದೆ. ಅಷ್ಟರಲ್ಲಿ ಅವರು ಒಂದೊಂದಾಗಿ ಡಬರಿಗಳನ್ನು ಹೊರಗೆ ತೆಗೆಯತೊಡಗಿದರು. ಅವನ್ನು ಒಲೆಯ ಹತ್ತಿರ ಸಾಲಾಗಿ ಇಟ್ಟು, ಇದ್ದ ನಾಲ್ಕು ಖಾಲಿ ಗೋಣಿಚೀಲಗಳನ್ನು ಒಂದೊಂದಕ್ಕೆ ಸುತ್ತಿದರು.

"ಅಣ್ಣ, ನಾಳೆ ಆದಿತ್ಯವಾರ. ಹಿಟ್ಟು ಉಬ್ಬದಿದ್ದರೆ?"

"ಉಬ್ಬದಿದ್ರೆ ಉಬ್ಬುದಿಲ್ಲ. ಜನ ಒಂದು ದಿನ ಬೈತಾರೆ, ಸೋಮವಾರ ಮತ್ತೆ ಬರ್ತಾರೆ. ಇದು ಸೋಮವಾರ ಬರ್ತದಾ?"

ಭಾನುವಾರದ ಬೆಳಗು ಆ ಹೋಟೆಲಿಗೆ ವಾರದ ದೊಡ್ಡ ವ್ಯಾಪಾರ. ಮಾಲಕರು ಆಗಲೇ ಮನೆಗೆ ಹೋಗಿದ್ದರು, ಅವರನ್ನು ಕೇಳುವ ಗೊಡವೆಗೂ ಅಣ್ಣ ಹೋಗಲಿಲ್ಲ. ಪೆಟ್ಟಿಗೆಯನ್ನು ಮಧ್ಯದ ಜಾಲರಿಯ ಮೇಲಿಟ್ಟು ಬಾಗಿಲು ಸರಿಸಿದೆವು. ಮಗಳ ಚಾರ್ಟಿನ ಬೆನ್ನಿಗೆ ಸಮಯ, ಉಷ್ಣತೆ ಎಂದು ಎರಡು ಕಾಲಂ ಎಳೆದು, ಪೆನ್ನಿನ ಜೊತೆ ದಾರ ಕಟ್ಟಿ ಹಿಡಿಕೆಗೆ ತೂಗುಹಾಕಿದೆ. ಏಳು ಗಂಟೆಗೆ ಇಪ್ಪತ್ತೊಂಬತ್ತು. ಎಂಟಕ್ಕೆ ಮೂವತ್ತು. ಬಾಗಿಲಿಗೆ ಕೈಹಾಕಿದಾಗೊಮ್ಮೆ ಅಣ್ಣ ಅಡುಗೆಮನೆಯಿಂದಲೇ, "ತೆಗೀಬೇಡಿ! ಹಿಟ್ಟನ್ನು ನೋಡ್ತಾ ಕೂತ್ರೆ ಹಿಟ್ಟು ನಾಚಿಕೊಳ್ತದೆ," ಎಂದು ಕೂಗುತ್ತಿದ್ದರು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಅದು ಗೋಧಿ ಹಿಟ್ಟಿನ ಬಣ್ಣಕ್ಕೆ ಬಂದಿತ್ತು, ತಲೆ ಎತ್ತಿ ನನ್ನನ್ನೇ ನೋಡಿತು. ಬಾಯಿ ಮುಚ್ಚಿತ್ತು. ನಾನು ಅಂಕಿ ಬರೆದಿಟ್ಟೆ.

ಇಡ್ಲಿ ಮಾತ್ರ ಕಲ್ಲಾಗಿತ್ತು. ಕಲಬುರಗಿ ಕಡೆಯ, ಗೋಡೌನಿನಲ್ಲಿ ಲೋಡಿಂಗ್ ಮಾಡುವ ಒಬ್ಬರು ಪ್ಲೇಟು ಎತ್ತಿ ತೋರಿಸಿ, "ಅಣ್ಣಾರ, ಏನಿದು, ಇಟ್ಟಂಗಿ ಬೇಸಿ ಕೊಟ್ಟೀರಲ್ಲ! ಇವತ್ತ ನಮಗ ರಜಾ ಐತ್ರಿ, ಇದನ್ನೂ ಹೊರಸ್ತೀರೇನು?" ಎಂದರು. ಹೋಟೆಲೆಲ್ಲ ನಕ್ಕಿತು. "ತಿನ್ನು ಮಾರಾಯ, ಚಟ್ನಿ ಇನ್ನೊಂದು ಸೌಟು ಹಾಕ್ತೇನೆ," ಎಂದರು ಅಣ್ಣ. ಮಾಲಕರು ಬಂದು ವಿಷಯ ತಿಳಿದು ಚೆನ್ನಾಗಿ ಬೈದರು. ಅಣ್ಣ ಸೋಡಾ ಹಾಕಿದ ಬಿಸಿನೀರಿನಲ್ಲಿ ಫ್ರಿಜ್ ತಿಕ್ಕುತ್ತ ಅದನ್ನೆಲ್ಲ ಕೇಳಿಸಿಕೊಂಡರು. ಮತ್ತೆಂದೂ ಅದರಲ್ಲಿ ಹಿಟ್ಟು ಇಡಲಿಲ್ಲ. ಆ ಚಳಿಗಾಲ ಪೂರ್ತಿ ಒಲೆಯ ಪಕ್ಕದಲ್ಲೇ ಒದ್ದಾಡಿದರು. ಆ ಭಾನುವಾರ ಮಧ್ಯಾಹ್ನ ಕರೆಂಟು ಬಂದಾಗ ಪ್ರಾಣಿ ತನ್ನ ತೊಟ್ಟಿಗೆ ಮರಳಿತು.

ಮಗಳು ಕ್ಯಾಂಪಿನಿಂದ ಬಂದು ಚೀಲವನ್ನೂ ಇಳಿಸದೆ ತೊಟ್ಟಿಯ ಹತ್ತಿರ ಹೋದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ರಾತ್ರಿಯಿಡೀ ಡಬ್ಬವೊಂದನ್ನು ಬೋರಲು ಹಾಕಿ ಕುಳಿತದ್ದು, ಎರಡು ಗಂಟೆಗೊಮ್ಮೆ ನೀರು ಬದಲಿಸಿದ್ದು, ಅಂಕಿ ಬರೆದದ್ದು. ಅವಳು ನನ್ನ ತೋಳು ಹಿಡಿದು "ಥ್ಯಾಂಕ್ಸ್ ಪಪ್ಪಾ," ಎಂದಳು. ಸ್ವಿಚ್ಚಿನ ವಿಷಯ ಅಲ್ಲಿಗೆ ತೊಳೆದುಹೋಯಿತು ಎಂದುಕೊಂಡೆ.

ಇದಾಗಿ ಎರಡು ವರ್ಷ. ಈ ಜನವರಿಯಲ್ಲಿ ಏನೋ ಹುಡುಕುತ್ತ ಪ್ರಾಣಿಯ ಔಷಧಿ ಚೀಟಿಗಳ ಫೈಲು ತೆಗೆದಾಗ ಆ ಚಾರ್ಟ್ ಸಿಕ್ಕಿತು. ಬೆನ್ನು ತಿರುಗಿಸಿದೆ. ಏಳು, ಎಂಟು, ಒಂಬತ್ತು, ಹತ್ತು ಗಂಟೆಯ ಅಂಕಿಗಳು ನನ್ನವು, ಎಲ್ಲರೂ ಬರೆಯುವ ಇಂಗ್ಲಿಷ್ ಅಂಕಿಗಳು. ಅದರ ಕೆಳಗೆ ಮೂರು ಸಾಲು ಕನ್ನಡ ಅಂಕಿಗಳಿದ್ದವು. ೧೨ ಗಂಟೆಗೆ ೨೯. ೨ ಗಂಟೆಗೆ ೩೦. ೪ ಗಂಟೆಗೆ ೨೯. ದಪ್ಪಗೆ, ಒತ್ತಿ, ಹಾಳೆಯ ಇನ್ನೊಂದು ಮಗ್ಗುಲಿಗೆ ಮೂಡುವಂತೆ ಬರೆದವು. ೯ರ ಬಾಲ ಕೆಳಗಿನ ಗೆರೆಯನ್ನು ದಾಟಿತ್ತು. ಆಮೇಲೆ ಐದೂಮುಕ್ಕಾಲಕ್ಕೆ ಮತ್ತೆ ನನ್ನ ಬರಹ.

ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಕನ್ನಡ ಅಂಕಿ ಓದಲು ಬರುತ್ತದೆ, ಆದರೆ ಶಾಲೆ ಬಿಟ್ಟಮೇಲೆ ಒಂದನ್ನೂ ಬರೆದವನಲ್ಲ.

ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಅವಳು ನೋಡಿ ನಗತೊಡಗಿದಳು. "ಮುಂಜಾನಿ ಚಾ ತಗೊಂಡ್ ಬಂದಾಕಿ ನಾ ಅಲ್ಲೇನು? ನೀವ್ ರವಾ ಚೀಲದ ಮ್ಯಾಲ ಬಾಯಿ ತಗದು ಮಲಗಿದ್ರಿ. ಮೈಮ್ಯಾಲ ಗೋಣಿಚೀಲ ಹೊಚ್ಚಿತ್ತು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಎಚ್ಚರ ಇದ್ದೆ ಅಂತ ಅಷ್ಟು ಖುಷೀಲೆ ಹೇಳ್ತಿದ್ರಿ. ಇರ್ಲಿ ಅಂತ ಬಿಟ್ಟೆ. ಆದ್ರ ಅವ್ರು ಕುಂತು ಬರದಾರಂತ ನನಗೂ ಗೊತ್ತಿರಲಿಲ್ಲ."

ಡಬ್ಬದ ಮೇಲೆ ಕುಳಿತ ನೆನಪು ಈಗಲೂ ನನ್ನೊಳಗೆ ಇದೆ. ಡಬ್ಬದ ಅಂಚು ತೊಡೆಗೆ ಒತ್ತುತ್ತಿದ್ದುದೂ ಗೊತ್ತಾಗುತ್ತದೆ. ಹತ್ತು ಗಂಟೆಯವರೆಗಿನ ಕೂರುವಿಕೆಯನ್ನೇ ಮನಸ್ಸು ಬೆಳಗಿನವರೆಗೆ ಎಳೆದಿರಬೇಕು. ಡಿಗ್ರಿ ಎಲ್ಲ ಓದಿದವರಿಗೆ ಎಂದಿದ್ದ ಮನುಷ್ಯ ನನ್ನ ಥರ್ಮಾಮೀಟರ್ ಓದಿ, ನೋಡಿದ ಕೂಡಲೇ ಬರೆದು, ನನಗೆ ಗೋಣಿ ಹೊದಿಸಿ, ಐದು ಗಂಟೆಗೆ ಉಬ್ಬದ ಹಿಟ್ಟಿನೊಂದಿಗೆ ಕೆಲಸ ಶುರುಮಾಡಿದ್ದರು. ಆ ಗೋಣಿ ಎಲ್ಲಿಂದ ಬಂತು ಎಂದು ಯೋಚಿಸಿದರೆ, ಡಬರಿಯೊಂದರ ಮೇಲಿನದ್ದೇ ಇರಬೇಕು. ಖಾಲಿ ಗೋಣಿ ನಾಲ್ಕೇ ಇದ್ದವು.

ಅಣ್ಣ ಆಗಲೇ ಆ ಹೋಟೆಲು ಬಿಟ್ಟಿದ್ದರು. ಕಳಂಬೋಲಿಯಲ್ಲಿ, ಕಬ್ಬಿಣದ ಮಾರ್ಕೆಟ್ಟಿನ ಹತ್ತಿರ ಒಂದು ಹೋಟೆಲಿನಲ್ಲಿದ್ದಾರೆ ಎಂದು ಮಾಲಕರು ಹೇಳಿದರು. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅವಳ ಕೈಗೆ ಹಾಳೆ ಕೊಟ್ಟು, ರಾತ್ರಿಯಿಡೀ ಎಚ್ಚರವಿದ್ದೆ ಎಂದು ನಾನು ಹೇಳಿದ್ದು ನಿಜವಲ್ಲ ಎಂದೆ.

"ಮತ್ಲಬ್ ಆಪ್ ಸೋ ಗಯೇ ಥೇ?"

"ಹೌದು."

"ಪತಾ ಹೈ. ಮಮ್ಮಿನೇ ಉಸೀ ಹಫ್ತೇ ಬತಾಯಾ ಥಾ." ಅವಳಮ್ಮ ಅದೇ ವಾರವೇ ಹೇಳಿಬಿಟ್ಟಿದ್ದಳಂತೆ. ಅವಳು ಹಾಳೆಯನ್ನು ಮತ್ತೆ ನೋಡಿದಳು. "ಲೇಕಿನ್ ಯೇ ನಹೀ ಪತಾ ಥಾ." ತನಗೂ ಗೊತ್ತಿರದಿದ್ದ ಆ ಮೂರು ಸಾಲಿನ ಮೇಲೆ ಬೆರಳಾಡಿಸಿ, ಯಾವುದು ಎಷ್ಟು ಎಂದು ನನ್ನಿಂದ ಹೇಳಿಸಿಕೊಂಡಳು. ಪ್ಯಾಂಟಿನ ಜೇಬಿಗೆ ಹಾಕಲು ಹೋದವಳು, ಬೇಡವೆಂದು ಪುಸ್ತಕದೊಳಗೆ ಇಟ್ಟಳು.

ಕಳಂಬೋಲಿಯ ಹೋಟೆಲಿನಲ್ಲಿ ಮಧ್ಯಾಹ್ನದ ಗಲಾಟೆ ಇಳಿದಿತ್ತು. ಅಣ್ಣ ನನ್ನನ್ನು ತಕ್ಷಣ ಗುರುತಿಸಿದರು. "ಓಹೋ, ಓಂತಿ ಸಾರ್! ಬದುಕುಂಟಾ ಅದು?"

ಮಗಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಅವರು ಕೈ ಒರೆಸಿಕೊಂಡು, ಕಣ್ಣಿನಿಂದ ದೂರ ಹಿಡಿದು ನೋಡಿದರು. "ಬಣ್ಣ ಬಂದಿದೆ. ಆವತ್ತು ಇದ್ದಿಲಿನ ಹಾಗಿತ್ತು."

ನಾನು ಹಾಳೆ ಮುಂದಿಟ್ಟು ಕೇಳಿದೆ. ಅವರು ಓದಿ ತಲೆಯಾಡಿಸಿದರು. "ಇದು ನಾನು ಬರೆದದ್ದಾ? ನಂಗೆ ನೆನಪಿಲ್ಲ ಮಾರಾಯ್ರೆ. ಹಿಟ್ಟು ನೋಡ್ಲಿಕ್ಕೆ ಹೇಗೂ ಏಳ್ತೇನಲ್ಲ, ಅದನ್ನೂ ನೋಡಿರ್ಬೇಕು."

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಸೀಮೆಸುಣ್ಣದಿಂದ ಆ ದಿನ ರುಬ್ಬಿದ ಹೊತ್ತು ಬರೆದಿತ್ತು. ೯ರ ಬಾಲ ಕೆಳಗಿನ ಸಾಲನ್ನು ದಾಟಿತ್ತು. ಮಗಳು ನನಗಿಂತ ಮೊದಲೇ ಅದನ್ನು ಕಂಡಿದ್ದಳು. ಮನೆಯಲ್ಲಿ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಡುವವಳು, ಒಂದೊಂದೇ ಶಬ್ದ ಹುಡುಕಿಕೊಂಡು, "ಅಂಕಲ್, ನೀವು ಅವನನ್ನ ಉಳಿಸಿದ್ರಿ," ಎಂದಳು.

ಅಣ್ಣ "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ಒಳಗೆ ಹೋಗಿ ಇಬ್ಬರಿಗೂ ಇಡ್ಲಿ ತಂದಿಟ್ಟರು. ಹತ್ತಿಯಷ್ಟು ಹಗುರ.

"ಆವತ್ತು ನಮ್ಮಿಂದಾಗಿ ನಿಮ್ಮ ಇಡ್ಲಿ ಕಲ್ಲಾಯಿತು ಅಣ್ಣ. ಮಾಲಕರಿಂದ ಬೈಸಿಕೊಂಡಿರಿ," ಎಂದೆ.

ಅವರ ಮುಖ ಬಿಗಿಯಾಯಿತು. "ಕಲ್ಲಾ? ಯಾರು ಹೇಳಿದ್ದು ನಿಮಗೆ? ಮೂವತ್ತು ವರ್ಷದಲ್ಲಿ ನನ್ನ ಇಡ್ಲಿ ಒಂದು ದಿನವೂ ಕಲ್ಲಾದದ್ದಿಲ್ಲ."

ನಾನು ಮಗಳ ಮುಖ ನೋಡಿದೆ. ಇಟ್ಟಂಗಿ ಎಂದವರ ಮಾತು, ಹೋಟೆಲಿನ ನಗು, ಎಲ್ಲ ನನ್ನ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಆದರೆ ಅದನ್ನು ನಾನು ಎಲ್ಲೂ ಬರೆದಿಟ್ಟಿರಲಿಲ್ಲ.

"ಹಾಗಾದರೆ ನನಗೇ ತಪ್ಪು ನೆನಪು," ಎಂದು ಇನ್ನೊಂದು ಪ್ಲೇಟು ಕೇಳಿದೆ.